ಕೆರೆಯ ದಂಡೆಯ ಎಳ್ಳುಂಡೆ

ಪುಣೆಯ ಹತ್ತಿರದ ಭೋಸರಿಯಲ್ಲಿ ಕಾರ್ಖಾನೆಗಳಿಗೆ ಸೂಟಿ ಗುರುವಾರ, ಶಾಲೆಗೆ ಭಾನುವಾರ. ಹಾಗಾಗಿ ಅಪ್ಪ ಮನೆಯಲ್ಲಿದ್ದ ದಿನ ನಾನು ಇರುತ್ತಿರಲಿಲ್ಲ, ನಾನಿದ್ದ ದಿನ ಅಪ್ಪ ಇರುತ್ತಿರಲಿಲ್ಲ. ಎಲ್ಲರಿಗೂ ಸಿಗುತ್ತಿದ್ದದ್ದು ಗುರುವಾರದ ಸಂಜೆ ಮಾತ್ರ. ನಾನು ಮೊದಲು ಶಾಲೆಯಿಂದ, ಆಮೇಲಿನ ವರ್ಷಗಳಲ್ಲಿ ಕಾಲೇಜಿನಿಂದ ಬರುವಷ್ಟರಲ್ಲಿ ಅಪ್ಪ ದಾಡಿ ಮಾಡಿಕೊಂಡು, ಒಗೆದ ಅಂಗಿ ತೊಟ್ಟು ಬಾಗಿಲಲ್ಲಿ ನಿಂತಿರುತ್ತಿದ್ದ. ಅವ್ವ ಚುರಮುರಿಗೆ ಒಗ್ಗರಣೆ ಹಾಕಿ ಡಬ್ಬಿ ತುಂಬಿ ಇಟ್ಟಿರುತ್ತಿದ್ದಳು. ಮೂವರೂ ಕೆರೆಗೆ ನಡೆಯುತ್ತಿದ್ದೆವು.

ಅದು ಭೋಸರಿಯ ಹಳೇ ಕೆರೆ. ಅದರ ಸುತ್ತ ಬೇಲಿ ಹಾಕಿ, ಹುಲ್ಲು ಬೆಳೆಸಿ, ಜೋಕಾಲಿ, ಜಾರುಬಂಡಿ ಇಟ್ಟು ಉದ್ಯಾನ ಮಾಡಿದ್ದರು. ನೀರಿನ ಮೇಲೆ ಒಂದು ಮೂಲೆಯಲ್ಲಿ ಯಾವಾಗಲೂ ಹಸಿರು ಕಳೆ ತೇಲುತ್ತಿತ್ತು. ಬೇಸಿಗೆಯಲ್ಲಿ ಸ್ವಲ್ಪ ವಾಸನೆಯೂ ಬರುತ್ತಿತ್ತು. ಯಾರೂ ಅದನ್ನು ದೊಡ್ಡದು ಮಾಡುತ್ತಿರಲಿಲ್ಲ. ಹಂಸದ ಆಕಾರದ ಪೆಡಲ್ ದೋಣಿಗಳಿದ್ದವು. ಗೇಟಿನ ಹೊರಗೆ ಭೇಳಪುರಿಯ ಗಾಡಿ, ಐಸ್ ಗೋಲಾದ ಗಾಡಿ, ಸುಟ್ಟ ಮೆಕ್ಕೆಜೋಳ ಮಾರುವ ಮುದುಕಿ. ಭಾನುವಾರ ಅಲ್ಲಿ ಆಫೀಸಿನವರು, ಅಂಗಡಿಯವರು ಸೇರುತ್ತಿದ್ದರಂತೆ. ಗುರುವಾರ ಕಾರ್ಖಾನೆಯ ಮಂದಿಯದು. ಅವತ್ತು ಹುಲ್ಲಿನ ಮೇಲೆ ನಡೆದರೆ ಹತ್ತು ಹೆಜ್ಜೆಗೊಮ್ಮೆ ಕನ್ನಡ ಕಿವಿಗೆ ಬೀಳುತ್ತಿತ್ತು. ಯಾದಗಿರಿ ಕಡೆಯವರು, ಸುರಪುರದವರು, ಸೇಡಮ್ಮಿನವರು. ಗಂಡಸರು ಲುಂಗಿ ಬಿಟ್ಟು ಪ್ಯಾಂಟು ಹಾಕಿಕೊಂಡು ಬಂದು, ಕೂರಲು ಬಾರದೆ, ಕಾಲು ಚಾಚಿ ಕೂರುತ್ತಿದ್ದರು.

ನಾವಿದ್ದದ್ದು ಒಂದೇ ಖೋಲಿ, ಮೇಲೆ ತಗಡಿನ ಪತ್ರಾ. ನಾಲ್ಕು ಜನ ಬಂದರೆ ಐದನೆಯವರು ಬಾಗಿಲಲ್ಲಿ ನಿಲ್ಲಬೇಕು. ನಮ್ಮ ಗಲ್ಲಿಯ ಎಲ್ಲರದೂ ಅದೇ ಸ್ಥಿತಿ. ಹೀಗಾಗಿ ನಮ್ಮ ಮಂದಿಗೆ ಆ ಕೆರೆಯೇ ಪಡಸಾಲೆ. ಊರಿನಿಂದ ಬಂದ ಬೀಗರನ್ನು ಕೂರಿಸುವುದು ಅಲ್ಲಿ, ಜಗಳ ಬಿಡಿಸುವುದು ಅಲ್ಲಿ, ಹುಡುಗಿ ನೋಡುವುದೂ ಅಲ್ಲೇ. ಎರಡೂ ಕಡೆಯವರು ಏನೋ ತಿರುಗಾಡಲು ಬಂದವರ ಹಾಗೆ ಬಂದು, ಆಕಸ್ಮಿಕವಾಗಿ ಭೇಟಿಯಾದವರ ಹಾಗೆ ಹುಲ್ಲಿನ ಮೇಲೆ ಎದುರುಬದುರು ಕೂರುತ್ತಿದ್ದರು. ಒಪ್ಪಿಗೆಯಾಗದಿದ್ದರೆ ತಿರುಗಾಡಲು ಬಂದವರಂತೆಯೇ ಎದ್ದು ಹೋಗಬಹುದಿತ್ತು, ಯಾರ ಮನೆಯ ಹೊಸ್ತಿಲನ್ನೂ ತುಳಿದ ಹಾಗೆ ಆಗುತ್ತಿರಲಿಲ್ಲ. ಒಂದೇ ಕಟ್ಟಳೆ. ಹುಡುಗಿಯ ಕಡೆಯವರು ಖಾರದ್ದು ಮಾತ್ರ ತರಬೇಕು: ಚುರಮುರಿ, ಮಿರ್ಚಿ ಭಜಿ, ಚೂಡಾ. ಸಿಹಿ ಬರಬಾರದು. ಸಿಹಿ ಕೊಟ್ಟು ತಿಂದರೆಂದರೆ ಮಾತು ಮುಗಿಯಿತು, ಮದುವೆ ಗಟ್ಟಿಯಾಯಿತು ಅಂತ ಅರ್ಥ. ಊರಿನಲ್ಲಿ ನಡೆದು ಬಂದದ್ದನ್ನೇ ಇಲ್ಲಿಯೂ ನಡೆಸುತ್ತಿದ್ದರು.

ತೊಂಬತ್ತರ ದಶಕ ಮುಗಿಯುತ್ತಿದ್ದ ಹೊತ್ತು. ನಾನು ಬಿ.ಕಾಂ. ಕೊನೆಯ ವರ್ಷದಲ್ಲಿದ್ದೆ. ಕನ್ನಡ ಅಕ್ಷರ ಕಲಿತದ್ದು ಊರಿನ ಶಾಲೆಯಲ್ಲಿ ಮೂರನೇ ಇಯತ್ತೆಯವರೆಗೆ. ಆಮೇಲೆಲ್ಲ ಮರಾಠಿ, ಕಾಲೇಜಿನಲ್ಲಿ ಇಂಗ್ಲಿಷು. ಮೂರು ಭಾಷೆಯಲ್ಲಿ ಒದ್ದಾಡಿ ಆ ವರ್ಷದ ತನಕ ಬಂದಿದ್ದೆ. ಅಪ್ಪನ ಕಡೆ, ಅವ್ವನ ಕಡೆ, ಎರಡೂ ಕಡೆ ಸೇರಿಸಿ ಅಲ್ಲಿಯವರೆಗೆ ಹನ್ನೆರಡನೆಯದನ್ನು ದಾಟಿದವರು ಯಾರೂ ಇರಲಿಲ್ಲ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಕಷ್ಟಪಟ್ಟದ್ದು ನಾನು, ನನಗಿಂತ ಹೆಚ್ಚು ಅವರಿಬ್ಬರು.

ಸಂಕ್ರಾಂತಿ ಆಗಿ ಹತ್ತು ದಿನ ಆಗಿರಬಹುದು. ಅವ್ವ ಒಂದು ಸಂಬಂಧ ತಂದಳು. ಹುಡುಗ ಐ.ಟಿ.ಐ. ಮಾಡಿ ಭೋಸರಿಯಲ್ಲೇ ಲೇತ್ ಮಶೀನಿನ ಮೇಲೆ ಕೆಲಸಕ್ಕಿದ್ದ. ತಂದೆ ಇಲ್ಲ, ಸೋದರಮಾವ ಸಾಕಿದವನು. ಹುಡುಗನ ಅಕ್ಕ ದೇಹೂ ರೋಡಿನಲ್ಲಿದ್ದಳು, ಅವ್ವನಿಗೆ ಪರಿಚಯ. ಮಾವ ಊರಿನಿಂದ ಅದಕ್ಕಾಗಿಯೇ ಬಂದಿದ್ದ. ಪರೀಕ್ಷೆಗೆ ಎರಡು ತಿಂಗಳಿದೆ ಎಂದು ನಾನು ಗೊಣಗಿದೆ. ನೋಡಿ ಹೋದರೆ ನಿನ್ನ ಮೈಯೇನು ಸವೆಯುವುದಿಲ್ಲ ಎಂದಳು ಅವ್ವ. ಅಪ್ಪ ನಡುವೆ ದಾರಿ ತೆಗೆದ.

“ನೋಡಿ ಹೋಗ್ಲಿ. ಮಾತು ಪರೀಕ್ಷಿ ಆದಮ್ಯಾಲ. ನಾನೇ ಹೇಳ್ತೀನಿ ಅವರಿಗಿ.”

ಅಪ್ಪ ಹಾಗೆ ಅಂದನೆಂದರೆ ನನಗೆ ಸಾಕಾಗಿತ್ತು. ಮಾತು ಕಮ್ಮಿಯವನು, ಆದರೆ ಆಡಿದ್ದನ್ನು ಬಿಟ್ಟವನಲ್ಲ.

ಗುರುವಾರ ಕೆರೆಗೆ ಹೋದೆವು. ಅವ್ವ ಮಿರ್ಚಿ ಭಜಿ ಮಾಡಿದ್ದಳು. ನನಗೆ ಅವಳ ಹಸಿರು ಸೀರೆ ಉಡಿಸಿದ್ದಳು. ಅವರು ಮೊದಲೇ ಬಂದು ಬೇವಿನ ಮರದ ಕೆಳಗೆ ಕೂತಿದ್ದರು. ಮಾವ ಬಿಳಿ ಧೋತರ, ಬಿಳಿ ಟೊಪ್ಪಿಗೆ ಹಾಕಿಕೊಂಡು, ಉದ್ಯಾನದಲ್ಲಿ ಚಪ್ಪಲಿ ಬಿಟ್ಟು ಕೂತಿದ್ದ ಒಬ್ಬನೇ ಮನುಷ್ಯ. ಅಪ್ಪನನ್ನು ‘ಯಜಮಾನ್ರ’ ಎಂದು ಕರೆದು ಪಕ್ಕಕ್ಕೆ ಕೂರಿಸಿಕೊಂಡ. ಊರಿನ ಮಳೆ, ತೊಗರಿ, ಯಾರ ಮಗಳು ಯಾರಿಗೆ, ಎಲ್ಲ ಬಂತು. ನನ್ನನ್ನು ಒಂದು ಸಲ ನೋಡಿದ, ಹೆಸರು ಕೇಳಿದ, ಆಮೇಲೆ ನೋಡಲಿಲ್ಲ. ಹುಡುಗ ಹುಲ್ಲು ಕೀಳುತ್ತ ಕೂತಿದ್ದ. ಅವನ ಅಕ್ಕ ಭಜಿಯನ್ನು ಹೊಗಳುತ್ತ ಇನ್ನೊಂದು ತೆಗೆದುಕೊಂಡಳು.

ಅಪ್ಪ ಮಾತು ಹೇಗೆ ತೆಗೆಯುವುದು ಎಂದು ಹೊಂಚುತ್ತಿದ್ದದ್ದು ನನಗೆ ಕಾಣುತ್ತಿತ್ತು. ಒಂದೆರಡು ಸಲ ಗಂಟಲು ಸರಿಮಾಡಿಕೊಂಡ. ಮಾತು ತೆಗೆಯುವ ಮೊದಲು ಕೈಗೆ ಏನಾದರೂ ಬೇಕಲ್ಲ. ಅಂಗಿಯ ಜೇಬಿಗೆ ಕೈ ಹಾಕಿದ. ಅಲ್ಲಿ ಕಂಪನಿಯ ಸಾಹೇಬ ಕೊಟ್ಟ ಎಳ್ಳುಂಡೆಯ ಪೊಟ್ಟಣ ಇತ್ತು. ಪುಣೆಯಲ್ಲಿ ಸಂಕ್ರಾಂತಿಯಿಂದ ರಥಸಪ್ತಮಿಯವರೆಗೆ ಯಾರು ಸಿಕ್ಕರೂ ‘ತಿಳಗುಳ’ ಕೊಟ್ಟು, ‘ತಿಳಗುಳ ಘ್ಯಾ, ಗೋಡ ಬೋಲಾ’, ಅಂದರೆ ಎಳ್ಳುಬೆಲ್ಲ ತಗೊಳ್ಳಿ, ಒಳ್ಳೆಯದನ್ನು ಮಾತಾಡಿ ಅನ್ನುತ್ತಾರೆ. ಕಿರಾಣಿ ಅಂಗಡಿಯವನು, ಬಸ್ಸಿನ ಕಂಡಕ್ಟರು, ಎಲ್ಲರೂ. ಅಪ್ಪ ಇಷ್ಟು ವರ್ಷ ಆ ದಿನಗಳಲ್ಲಿ ಸೂಪರ್ವೈಸರಿನಿಂದ ಹಿಡಿದು ವಾಚ್‌ಮನ್‌ವರೆಗೆ ಎಲ್ಲರಿಗೂ ಕೊಟ್ಟಿದ್ದ. ಕೈಗೆ ಅದು ರೂಢಿಯಾಗಿತ್ತು. ಪೊಟ್ಟಣ ಬಿಚ್ಚಿ ಮಾವನ ಅಂಗೈಗೆ ಒಂದು ಉಂಡೆ ಹಾಕಿದ.

“ತಗೋರಿ, ಬಾಯಾಗ ಹಾಕೋರಿ.”

ನಮ್ಮ ಊರಿನ ಕಡೆಯೂ ಸಂಕ್ರಾಂತಿಗೆ ಎಳ್ಳುಬೆಲ್ಲ ಇದೆ. ಆದರೆ ಹಬ್ಬದ ದಿನ ಕೊಟ್ಟರೆ ಮುಗಿಯಿತು. ಹತ್ತು ದಿನ ಕಳೆದ ಮೇಲೆ, ಹುಡುಗಿ ನೋಡಲು ಕೂತಲ್ಲಿ, ಹುಡುಗಿಯ ತಂದೆ ತಾನಾಗಿ ಸಿಹಿ ಕೊಟ್ಟರೆ ಅದಕ್ಕೆ ಬೇರೆ ಯಾವ ಅರ್ಥವೂ ಇಲ್ಲ. ಮಾವ ಉಂಡೆಯನ್ನು ನೋಡಿದ, ಅಪ್ಪನನ್ನು ನೋಡಿದ. ಎರಡೂ ಕೈಯಿಂದ ಹಿಡಿದು, ಕಣ್ಣಿಗೆ ಒತ್ತಿಕೊಂಡು, ಬಾಯಿಗೆ ಹಾಕಿಕೊಂಡ. ಅಗಿದು ಮುಗಿಸಿ ಅಪ್ಪನ ತೊಡೆ ತಟ್ಟಿದ.

“ಆತು ಬೀಗರ. ಭಾಳ ಛಲೋ ಆತು. ಮಾಘದಾಗ ಮುಗಿಸಿಬಿಡೂಣು.”

ಬೀಗರ. ಆ ಒಂದು ಮಾತಿಗೆ ಅವ್ವನ ಕೈಯಲ್ಲಿದ್ದ ಭಜಿಯ ಡಬ್ಬಿ ಅಲ್ಲೇ ನಿಂತಿತು. ಅಪ್ಪ ಪೊಟ್ಟಣ ಹಿಡಿದು ಕೂತೇ ಇದ್ದ. ಈಗ ಏನು ಹೇಳುತ್ತಾನೆ? ನೀವು ತಿಂದದ್ದು ಅದಲ್ಲ ಎಂದರೆ ಹಿರಿಯನ ಬಾಯೊಳಗಿನ ಸಿಹಿ ಕಿತ್ತುಕೊಂಡ ಹಾಗೆ. ಮಾವ ಊರಿಗೆ ಹೋಗಿ, ಪುಣೆಯಲ್ಲಿದ್ದವರು ಸಿಹಿ ತಿನ್ನಿಸಿ ಮಾತು ತಪ್ಪಿದರು ಅಂದರೆ ಅಪ್ಪ ಯಾವ ಜಾತ್ರೆ, ಯಾವ ಮದುವೆಗೆ ಮುಖ ಎತ್ತಿ ಹೋದಾನು? ಸುಮ್ಮನಿದ್ದರೆ ಮಾಘ. ಪರೀಕ್ಷೆ ಇದ್ದದ್ದು ಹೋಳಿಹುಣ್ಣಿಮೆ ಆದ ಮೇಲೆ. ಮಾಘದಲ್ಲಿ ಮದುವೆಯಾದ ಹುಡುಗಿ ಆ ಪರೀಕ್ಷೆಗೆ ಕೂತದ್ದನ್ನು ನಮ್ಮ ಗಲ್ಲಿ ಅಲ್ಲಿಯವರೆಗೆ ನೋಡಿರಲಿಲ್ಲ.

ನಾನು ಎದ್ದು ನಿಂತು ಹೇಳಬಹುದಿತ್ತಲ್ಲ ಎಂದು ಈಗಿನ ಹುಡುಗಿಯರು ಕೇಳುತ್ತಾರೆ. ಹೇಳಬಹುದಿತ್ತು. ಹೇಳಿದ್ದರೆ ನಾನು ಉಳಿಯುತ್ತಿದ್ದೆ, ಅಪ್ಪ ಉಳಿಯುತ್ತಿರಲಿಲ್ಲ.

ಹುಡುಗನ ಅಕ್ಕ ಪುಣೆಯಲ್ಲಿ ನೆಲೆಸಿದವಳು. ಇಲ್ಲಿಯ ರೀತಿ ಗೊತ್ತು. ಹೇಗೂ ಎಲ್ಲ ಆಯಿತಲ್ಲ, ಹುಡುಗ ಹುಡುಗಿ ನಾಲ್ಕು ಮಾತಾಡಲಿ, ದೋಣಿಯಲ್ಲಿ ಒಂದು ಸುತ್ತು ಹೋಗಿ ಬರಲಿ ಎಂದಳು. ಮಾವ ಹುಬ್ಬೇರಿಸಿದ. ನಮ್ಮ ಕಣ್ಣ ಮುಂದೆಯೇ ಇರುತ್ತಾರಲ್ಲ, ನೀರಿನಲ್ಲಿ ಎಲ್ಲಿಗೆ ಓಡಿ ಹೋಗುತ್ತಾರೆ ಎಂದಳು ಅವಳು. ಕೆರೆಯ ದೋಣಿಯ ಲಾಭವೇ ಅದು. ಎಲ್ಲರಿಗೂ ಕಾಣುತ್ತೀರಿ, ಯಾರಿಗೂ ಕೇಳಿಸುವುದಿಲ್ಲ.

ಆ ದೋಣಿಗೆ ಎರಡೂ ಬದಿಗೆ ಬೇರೆ ಬೇರೆ ಚಕ್ರ. ಇಬ್ಬರೂ ತುಳಿದರೆ ಮಾತ್ರ ನೆಟ್ಟಗೆ ಹೋಗುತ್ತದೆ. ನಾನು ಸೀರೆ ಮುದುಡಿಕೊಂಡು, ಕೈ ಕಟ್ಟಿ ಕೂತೆ. ಅವನು ಸ್ವಲ್ಪ ಹೊತ್ತು ಒಬ್ಬನೇ ತುಳಿದ. ದೋಣಿ ನಿಂತಲ್ಲೇ ತಿರುಗಿತು.

“ನೀವೂ ತುಳೀರಿ. ನಾ ಒಬ್ನೇ ತುಳದ್ರ ಗಾಣದಂಗ ತಿರಗ್ತದ.”

ಅವನು ನನ್ನೊಂದಿಗೆ ಆಡಿದ ಮೊದಲ ಮಾತು ಅದು. ನಾನು ತುಳಿದೆ. ದಂಡೆ ದೂರವಾದ ಮೇಲೆ ಹೇಳಿದೆ.

“ನಮ್ಮಪ್ಪ ಕೊಟ್ಟದ್ದು ತಿಳಗುಳ. ಬಾಯಿ ಸಿಹಿ ಮಾಡಿದ್ದಲ್ಲ.”

“ಗೊತ್ತದ. ನಮ್ಮ ಕಂಪನ್ಯಾಗೂ ಕೊಟ್ಟಾರ. ಇನ್ನೂ ಖೋಲ್ಯಾಗ ಬಿದ್ದಾವ.”

“ಗೊತ್ತಿದ್ದು ಸುಮ್ನ ಯಾಕ ಕುಂತ್ರಿ?”

ಅವನು ನಾಲ್ಕು ಸಲ ತುಳಿದ ಮೇಲೆ ಹೇಳಿದ. “ನನಗೇನ್ ನುಕ್ಸಾನ ಹೇಳ್ರಿ. ಹುಡುಗಿ ಛಲೋ ಅದ, ಮಾಮಾ ಒಪ್ಯಾನ. ನಾ ಯಾಕ ಬಾಯಿ ಬಿಡ್ಲಿ?”

ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಸುಳ್ಳು ಹೇಳದ ಮನುಷ್ಯ ಎನಿಸಿತು. ಪರೀಕ್ಷೆಯ ವಿಷಯ ಹೇಳಿದೆ. ಮದುವೆ ಆದ ಮೇಲೆ ಬರೀರಿ, ಯಾರು ಬೇಡ ಅಂತಾರೆ ಎಂದ. ಇದೇ ಮಾತನ್ನು ನನ್ನ ಚಿಗವ್ವನ ಮಗಳಿಗೂ ಹೇಳಿದ್ದರು, ಹನ್ನೆರಡನೆಯದರಲ್ಲಿದ್ದಾಗ. ಅವಳ ಕಥೆ ಹೇಳಿದೆ. ಈಗ ಏನು ಮಾಡುತ್ತಾಳೆ ಎಂದು ಕೇಳಿದ.

“ಎರಡು ಮಕ್ಕಳವ. ಗಂಡ ಒಳ್ಳೇವನೇ. ಬುಕ್ಕು ರದ್ದಿಗಿ ಹಾಕ್ಯಾಳ.”

ತನ್ನ ಐ.ಟಿ.ಐ. ಮುಗಿಯುವ ತನಕ ಮಾವ ಎರಡು ವರ್ಷ ಸಂಬಂಧ ನೋಡದೆ ಕಾದದ್ದನ್ನು ಅವನು ಹೇಳಿದ, ಮಾವ ಕೆಟ್ಟವನಲ್ಲ ಎನ್ನುವುದಕ್ಕೆ.

“ನಿಮಗ ಕಾದ್ರಲ್ಲ,” ಎಂದೆ.

ಬಾತುಗಳು ಕಳೆಯ ಕಡೆಗೆ ಹೋಗುತ್ತಿದ್ದವು, ನಾವೂ ಗೊತ್ತಿಲ್ಲದೆ ಅತ್ತಲೇ ಹೋಗಿದ್ದೆವು. ದಂಡೆಯಿಂದ ದೋಣಿಯವನು ಸೀಟಿ ಊದಿ, ನಾಲ್ಕನೇ ನಂಬರು ವಾಪಸು ಬಾ ಎಂದು ಮರಾಠಿಯಲ್ಲಿ ಕೂಗಿದ. ತಿರುಗಿಸಿ ತುಳಿಯುತ್ತ ಹುಡುಗ ಲೆಕ್ಕ ಹಾಕಿದ. ತಾನು ಒಲ್ಲೆ ಎಂದರೆ ಹುಡುಗಿಯಲ್ಲಿ ಏನೋ ಐಬು ಇದೆ ಎಂದು ಊರು ಮಾತಾಡುತ್ತದೆ. ನಿಮ್ಮಪ್ಪ ಒಲ್ಲೆ ಎಂದರೆ ಮಾತು ತಪ್ಪಿದ ಹಾಗೆ. ನೀವು ಒಲ್ಲೆ ಎಂದರೆ ಓದಿ ತಲೆ ತಿರುಗಿದೆ ಎನ್ನುತ್ತಾರೆ. ಮೂರೂ ಸರಿಯಾಗಿತ್ತು. ಅಷ್ಟು ಸರಿಯಾಗಿ ಯೋಚಿಸುವವನು ಎಂದು ನನಗೆ ಅವನ ಮೇಲೆ ಒಂದು ಗಳಿಗೆ ಒಳ್ಳೆಯ ಭಾವನೆ ಬಂದದ್ದು ನಿಜ.

ದಂಡೆಗೆ ಬಂದಾಗ ಅಪ್ಪ ಕಟ್ಟೆಯ ಮೇಲೆ ನಿಂತಿದ್ದ. ಪೊಟ್ಟಣ ಇನ್ನೂ ಕೈಯಲ್ಲೇ ಇತ್ತು, ಎಲ್ಲಿ ಇಡಬೇಕೋ ತಿಳಿಯದವರ ಹಾಗೆ ಹಿಡಿದಿದ್ದ. ಅದನ್ನು ನೋಡಿದಾಗ ನನಗೆ ಹೊಳೆಯಿತು. ಯಾರಿಗೂ ಏನನ್ನೂ ಹೇಳಬೇಕಾಗಿಲ್ಲ. ಇಲ್ಲಿಯ ರೂಢಿಯನ್ನು ಮಾವನ ಕಣ್ಣ ಮುಂದೆ ನಡೆಸಿದರೆ ಸಾಕು.

ಅಪ್ಪನ ಕೈಯಿಂದ ಪೊಟ್ಟಣ ತೆಗೆದುಕೊಂಡೆ. ದೋಣಿಯ ಹಗ್ಗ ಕಟ್ಟುತ್ತಿದ್ದವನಿಗೆ ಮೊದಲು ಕೊಟ್ಟೆ. “ಕಾಕಾ, ತಿಳಗುಳ ಘ್ಯಾ, ಗೋಡ ಬೋಲಾ.” ಅವನು ಬಾಯಿಂದ ಸೀಟಿ ತೆಗೆದು, ಉಂಡೆ ಹಾಕಿಕೊಂಡು, ಗೋಡ ಬೋಲಾ ಎಂದು ನನಗೇ ತಿರುಗಿ ಹೇಳಿದ. ಟಿಕೀಟು ಹರಿಯುವವನಿಗೆ ಕೊಟ್ಟೆ. ಬೇವಿನ ಮರದ ಆಚೆ ಒಂದು ಮರಾಠಿ ಕುಟುಂಬ ಚಾಪೆ ಹಾಸಿ ಕೂತಿತ್ತು, ನಮಗೆ ಪರಿಚಯವಿಲ್ಲದವರು. ಅವರ ಮಕ್ಕಳಿಗೆ ಕೊಟ್ಟೆ, ತಾಯಿಗೆ ಕೊಟ್ಟೆ. ಅವ್ವ ನನ್ನನ್ನು ನೋಡಿ, ಈ ಹುಡುಗಿಗೆ ನೀರಿನಲ್ಲಿ ಏನೋ ಹೊಡೆದಿದೆ ಎಂದುಕೊಂಡಳಂತೆ, ಆಮೇಲೆ ಹೇಳಿದಳು. ಆದರೆ ಆ ತಾಯಿಗೆ ಇದು ದಿನದ ವ್ಯವಹಾರ. ತನ್ನ ಚೀಲದಿಂದ ಡಬ್ಬಿ ತೆಗೆದು ನನ್ನ ಕೈಗೆ ಕುಸುರೆಳ್ಳು ಹಾಕಿದಳು. ಕೊಟ್ಟವರಿಗೆ ತಿರುಗಿ ಕೊಡದೆ ಇರುತ್ತಾರೆಯೇ? ಎದ್ದು ಬಂದು ಅವ್ವನಿಗೆ ಕೊಟ್ಟಳು, ಹುಡುಗನ ಅಕ್ಕನಿಗೆ ಕೊಟ್ಟಳು, ಕೊನೆಗೆ ಮಾವನ ಮುಂದೆ ಬಾಗಿ ನಿಂತಳು.

“ಕಾಕಾ, ತಿಳಗುಳ ಘ್ಯಾ.”

ಮಾವನಿಗೆ ಮರಾಠಿ ಬಾರದು. ಕೈ ಮಾತ್ರ ತಾನಾಗಿ ಮುಂದೆ ಬಂತು. ನಾಲ್ಕು ಬಿಳಿ ಕಾಳು ಅಂಗೈಯಲ್ಲಿ ಹಿಡಿದು, ತಿನ್ನಲೋ ಬೇಡವೋ ಎಂದು ಕೂತ. ಆ ಹೆಂಗಸು ನಕ್ಕು ತನ್ನ ಚಾಪೆಗೆ ಹೋದಳು. ನಾನು ಹುಡುಗನ ಕಡೆ ನೋಡಲಿಲ್ಲ. ನೋಡಿದ್ದರೆ ಬೇಡಿದ ಹಾಗೆ ಆಗುತ್ತಿತ್ತು.

“ತಿನ್ನು ಮಾಮಾ,” ಎಂದ ಹುಡುಗ. “ಆದ್ರ ವಿಚಾರ ಮಾಡಿ ತಿನ್ನು. ತಿಂದ್ರ ಆ ಹೆಣ್ಮಗಳೂ ನಮಗ ಬೀಗತಿ ಆಗ್ತಾಳ.”

ಮೊದಲು ನಕ್ಕದ್ದು ಅವನ ಅಕ್ಕ, ಸೆರಗು ಬಾಯಿಗೆ ಇಟ್ಟುಕೊಂಡು. ಮಾವ ನಗಲಿಲ್ಲ. ಅಂಗೈ ನೋಡಿದ, ಚಾಪೆಯ ಮೇಲಿನ ಕುಟುಂಬ ನೋಡಿದ, ದೋಣಿಯವನು ಇನ್ನೂ ಉಂಡೆ ಅಗಿಯುತ್ತಿರುವುದನ್ನು ನೋಡಿದ. ಆಮೇಲೆ ಅಪ್ಪನನ್ನು ಕೇಳಿದ, ಇದು ಹಬ್ಬದ್ದೇನು ಎಂದು. ಅಪ್ಪ, ಹೌದ್ರಿ, ಇಲ್ಲಿ ರಥಸಪ್ತಮಿ ತನಕ ಕೊಡ್ತಾರ್ರಿ ಎಂದ. ಒಮ್ಮೆ ಬಾಯಿ ತೆರೆದದ್ದಕ್ಕೆ, ಮುಚ್ಚುವ ಮೊದಲು ಉಳಿದದ್ದನ್ನೂ ಹೇಳಿಬಿಟ್ಟ.

“ಹುಡುಗಿ ಪರೀಕ್ಷಿ ಬರದ ಮ್ಯಾಲೇ ಮಾತು ತೆಗೀಬೇಕಂತ ಮಾಡಿದ್ದೆ. ಅದಾ ಹೇಳಾಂವ ಇದ್ದೆ. ಹೇಳೂದ್ರಾಗ ನೀವು ತಿಂದ್ರಿ.”

ಮಾವ ಕುಸುರೆಳ್ಳನ್ನು ಬಾಯಿಗೆ ಹಾಕಿಕೊಂಡ. ಚಪ್ಪಲಿ ಮೆಟ್ಟಿದ.

“ಪ್ಯಾಟ್ಯಾಗ ಸಿಹಿ ಭಾಳ ಸೋವಿ ಆಗ್ಯದ, ಯಜಮಾನ್ರ.”

ಮತ್ತೆ ಯಜಮಾನ್ರ ಆಗಿತ್ತು. ಆ ಮಾತಿನಲ್ಲಿ ಚುಚ್ಚು ಇತ್ತು, ಆದರೆ ಸಿಟ್ಟು ಇರಲಿಲ್ಲ. ಹೋಗುವಾಗ ಅಪ್ಪನ ಕೈ ಹಿಡಿದು, ವಿಚಾರ ಮಾಡಿ ಹೇಳಿ ಕಳಿಸುತ್ತೇವೆ ಎಂದ. ಹುಡುಗ ಗೇಟಿನ ತನಕ ಹೋಗಿ, ಗೋಲಾದ ಗಾಡಿಯ ಹತ್ತಿರ ಒಂದು ಸಲ ತಿರುಗಿ ನೋಡಿದ. ಅಷ್ಟೇ.

ಹೇಳಿ ಕಳಿಸಿದರು. ಮಾಘವನ್ನು ದಾಟಿಸಲು ಆಗುವುದಿಲ್ಲವಂತೆ, ಅಫಜಲಪುರದ ಕಡೆಯ ಹುಡುಗಿ ಗೊತ್ತಾಗಿದೆಯಂತೆ. ದೇಹೂ ರೋಡಿನ ಅಕ್ಕ ತಾನೇ ಬಂದು ಹೇಳಿ, ಚಹಾ ಕುಡಿದು ಹೋದಳು. ಹುಡುಗ ತಾನಾಗಿ ಕಾಯುತ್ತೇನೆ ಎನ್ನಲಿಲ್ಲವೇ ಎಂದು ನನಗೆ ಕೇಳಬೇಕೆನಿಸಿತು. ಕೇಳಲಿಲ್ಲ. ಕಾಯಲು ನಾನು ಅವನಿಗೆ ಹೇಳಿಯೂ ಇರಲಿಲ್ಲ.

ಅವ್ವ ಮಾತ್ರ ಸುಮ್ಮನಾಗಲಿಲ್ಲ. ಹುಡುಗ ಕುಡಿಯುವುದಿಲ್ಲ, ಗುಟಕಾ ತಿನ್ನುವುದಿಲ್ಲ, ಕೈಯಲ್ಲಿ ಕೆಲಸ, ಅತ್ತೆ ಇದ್ದೂ ದೂರದ ಊರಿನಲ್ಲಿ, ಇಂಥ ಸಂಬಂಧ ಕೆರೆಗೆ ಹಾಕಿ ಬಂದೆವು ಎಂದು ರೊಟ್ಟಿ ಬಡಿಯುವಾಗೆಲ್ಲ ಹೇಳಿದಳು. ರೊಟ್ಟಿ ಬಡಿಯುವ ಸದ್ದಿನಲ್ಲೇ ಸಿಟ್ಟು ತಿಳಿಯುತ್ತಿತ್ತು. ಅಪ್ಪ ಉಣ್ಣುತ್ತ ಕೂತಿರುತ್ತಿದ್ದ. ಒಂದು ದಿನ ನನ್ನ ಕಡೆ ತಿರುಗಿ ಹೇಳಿದಳು.

“ಇಷ್ಟೆಲ್ಲ ಮಾಡಿ ನಪಾಸ್ ಆಗು, ಆಮ್ಯಾಲ ನೋಡ್ತೀನಿ ನಿನಗ.”

ಅದು ನನಗೆ ಪಠ್ಯಪುಸ್ತಕಕ್ಕಿಂತ ಹೆಚ್ಚು ಕೆಲಸ ಮಾಡಿತು. ಖೋಲಿಯಲ್ಲಿ ಓದಲು ಆಗುತ್ತಿರಲಿಲ್ಲ, ಒಂದು ಗೋಡೆಯ ಆಚೆ ಟೀವಿ, ಇನ್ನೊಂದರ ಆಚೆ ಜಗಳ. ಮಧ್ಯಾಹ್ನ ಕೆರೆಯ ಉದ್ಯಾನ ಖಾಲಿ ಇರುತ್ತಿತ್ತು. ವೆಚ್ಚ ಲೆಕ್ಕ ಹಾಕುವ ಕಾಸ್ಟಿಂಗಿನ ಪುಸ್ತಕ ತಗೊಂಡು ಹೋಗಿ ಜಾರುಬಂಡಿಯ ಹಿಂದಿನ ನೆರಳಿನಲ್ಲಿ ಕೂರುತ್ತಿದ್ದೆ. ಆ ವಿಷಯ ನನಗೆ ಬರುತ್ತಿರಲಿಲ್ಲ. ಮೂರು ಸಲ ಓದಿದರೂ ಬರುತ್ತಿರಲಿಲ್ಲ, ನಾಲ್ಕನೆಯ ಸಲ ಲೆಕ್ಕವನ್ನು ಅಪ್ಪನ ಕಾರ್ಖಾನೆಯ ಲೆಕ್ಕ ಎಂದುಕೊಂಡು ಮಾಡಿದರೆ ಬಂತು. ಬಿಸಿಲಿಗೆ ನೀರು ಇಳಿದು ದಂಡೆಯ ಕೆಸರು ಬಿರುಕು ಬಿಟ್ಟಿತ್ತು. ಒಂದೊಂದು ಸಲ ಅಪ್ಪ ಎರಡನೇ ಪಾಳಿಗೆ ಹೋಗುವ ದಾರಿಯಲ್ಲಿ ಬೇಲಿಯ ಹೊರಗೆ ಸೈಕಲ್ ನಿಲ್ಲಿಸಿ, ನಾನು ಓದುತ್ತಿದ್ದೇನೆಯೇ ನಿದ್ದೆ ಮಾಡುತ್ತಿದ್ದೇನೆಯೇ ಎಂದು ನೋಡಿ, ಬೆಲ್ಲು ಹೊಡೆದು ಹೋಗುತ್ತಿದ್ದ.

ಪರೀಕ್ಷೆ ಬರೆದೆ. ಸೆಕೆಂಡ್ ಕ್ಲಾಸಿನಲ್ಲಿ ಪಾಸಾದೆ. ಫಸ್ಟ್ ಬರಲಿಲ್ಲವೇ ಎಂದು ಈಗಲೂ ಕೆಲವರು ಕೇಳುತ್ತಾರೆ. ಬರಲಿಲ್ಲ.

ಫಲಿತಾಂಶ ಗೊತ್ತಾದ ದಿನ ಅವ್ವ ಕಟ್ಟಡದ ಕೆಲಸದಿಂದ ಬಂದು ಕಾಲು ತೊಳೆಯುತ್ತಿದ್ದಳು. ಹೇಳಿದೆ. ತಂಬಿಗೆ ಕೆಳಗಿಟ್ಟು, ಇನ್ನು ನಿನಗೆ ಏನನ್ನಬೇಕು ಎಂದು ಕೇಳಿದಳು. ಏನನ್ನುವುದು ಎಂದರೇನು ಎಂದೆ. “ಡಾಕ್ಟರ್ ಓದಿದ್ರ ಡಾಕ್ಟರ್ ಅಂತಾರ, ವಕೀಲಕಿ ಓದಿದ್ರ ವಕೀಲ ಅಂತಾರ. ನಿನಗೇನಂತಾರ?” ಗ್ರ್ಯಾಜುಯೇಟ್ ಎಂದೆ. ಅದು ಅವಳ ನಾಲಿಗೆಗೆ ಹೊರಳಲಿಲ್ಲ. ಮರಾಠಿಯಲ್ಲಿ ಏನು ಎಂದಳು. ಪದವೀಧರ ಎಂದೆ. ಎರಡು ಸಲ ಹೇಳಿಸಿದಳು, ಆಮೇಲೆ ತಾನೇ ಹೇಳಿ ನೋಡಿದಳು. ಸಂಬಂಧ ಹೋದದ್ದರ ಬಗ್ಗೆ ಅವತ್ತಿನಿಂದ ಒಂದು ಮಾತೂ ತೆಗೆಯಲಿಲ್ಲ.

ಆ ವಾರ, ಗಲ್ಲಿಯ ಹೆಂಗಸರೆಲ್ಲ ಸೇರುವ ನಳಕ್ಕೆ ನೀರು ತರಲು ಹೋದಾಗಲೆಲ್ಲ, ಎರಡು ಕೊಡ ತುಂಬಿಸಿಕೊಂಡು ಬರಲು ಅವ್ವನಿಗೆ ಎಂದಿಗಿಂತ ಬಹಳ ಹೊತ್ತು ಹಿಡಿಯುತ್ತಿತ್ತು.